ಕೋಡ್ ಬರೆಯುವ ಜೀವವಿಜ್ಞಾನಿ: ಗಣಕ ಜೀವವಿಜ್ಞಾನ ಎಂಬ ವೃತ್ತಿಯ ಒಳಹೊರಗು

2024ರ ಅಕ್ಟೋಬರ್‌ನಲ್ಲಿ ರಸಾಯನವಿಜ್ಞಾನದ ನೊಬೆಲ್ ಪ್ರಶಸ್ತಿ ಪ್ರಕಟವಾದಾಗ, ಪುರಸ್ಕೃತರಾದ ಮೂವರಲ್ಲಿ ಇಬ್ಬರು ಒಂದು ತಂತ್ರಜ್ಞಾನ ಕಂಪನಿಯವರಾಗಿದ್ದರು. ಗೂಗಲ್ ಡೀಪ್‌ಮೈಂಡ್‌ನ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ ಅವರಿಗೆ ಪ್ರೋಟೀನುಗಳ ಆಕಾರವನ್ನು ಲೆಕ್ಕ ಹಾಕಿ ಹೇಳುವ ಆಲ್ಫಾಫೋಲ್ಡ್ ಎಂಬ ಪ್ರೋಗ್ರಾಂಗಾಗಿ, ವಾಷಿಂಗ್ಟನ್ ವಿಶ್ವವಿದ್ಯಾಲಯದ ಡೇವಿಡ್ ಬೇಕರ್ ಅವರಿಗೆ ಪ್ರಕೃತಿಯಲ್ಲಿ ಇಲ್ಲದ ಪ್ರೋಟೀನುಗಳನ್ನು ಕಂಪ್ಯೂಟರಿನಲ್ಲಿ ರೂಪಿಸಿದ್ದಕ್ಕಾಗಿ ಈ ಗೌರವ ಸಂದಿತು. ಅದಾಗಿ ಮೂರೇ ತಿಂಗಳಲ್ಲಿ, 2025ರ ಜನವರಿಯಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ ನಡೆದ ಜಿನೋಮ್ ಇಂಡಿಯಾ ಯೋಜನೆಯು 10,000 ಭಾರತೀಯರ ಜಿನೋಮ್ ಮಾಹಿತಿಯನ್ನು ಸಂಶೋಧಕರಿಗೆ ತೆರೆದಿಟ್ಟಿತು. ಜೀವಶಾಸ್ತ್ರ ಇಷ್ಟ, ಆದರೆ ವೈದ್ಯಕೀಯ ಬೇಡ ಎನ್ನುವ ಪಿಯುಸಿ ವಿದ್ಯಾರ್ಥಿಗಳೂ, ಕೋಡಿಂಗ್ ಬರುತ್ತದೆ, ಆದರೆ ಬೇರೇನಾದರೂ ಮಾಡಬೇಕು ಎನ್ನುವ ಸಾಫ್ಟ್‌ವೇರ್ ಎಂಜಿನಿಯರುಗಳೂ ಈಗ ಒಂದೇ ಪ್ರಶ್ನೆಯನ್ನು ಕೇಳತೊಡಗಿದ್ದಾರೆ. ಪ್ರೋಗ್ರಾಮಿಂಗ್ ಮತ್ತು ವೈಜ್ಞಾನಿಕ ಸಂಶೋಧನೆ, ಎರಡನ್ನೂ ಒಟ್ಟಿಗೆ ಮಾಡುವ ಕೆಲಸ ನಿಜವಾಗಿ ಹೇಗಿರುತ್ತದೆ ಎಂಬುದೇ ಆ ಪ್ರಶ್ನೆ.

ಯಾವ ಕೆಲಸಕ್ಕೆ ಈ ಹೆಸರು

ಜೀವಿಗಳ ಬಗೆಗಿನ ಪ್ರಶ್ನೆಯೊಂದಕ್ಕೆ ಉತ್ತರವನ್ನು ಮುಖ್ಯವಾಗಿ ಲೆಕ್ಕದಿಂದ, ಆ ಲೆಕ್ಕವನ್ನು ಕಂಪ್ಯೂಟರಿನಿಂದ ಹುಡುಕುವ ಕೆಲಸವೇ ಗಣಕ ಜೀವವಿಜ್ಞಾನ. ಒಂದು ಕ್ಯಾನ್ಸರ್ ಗಡ್ಡೆಯಲ್ಲಿ ಯಾವ ಜೀನ್‌ಗಳು ಹದ ತಪ್ಪಿವೆ, ಎರಡು ಭತ್ತದ ತಳಿಗಳಲ್ಲಿ ಒಂದು ಬರವನ್ನು ತಾಳಿಕೊಳ್ಳಲು ಯಾವ ವ್ಯತ್ಯಾಸ ಕಾರಣ, ಒಂದು ವೈರಾಣು ಯಾವ ಊರಿನಿಂದ ಯಾವ ಊರಿಗೆ ಹರಡಿತು ಎಂಬಂಥ ಪ್ರಶ್ನೆಗಳು ಇದರ ವ್ಯಾಪ್ತಿಗೆ ಬರುತ್ತವೆ. ಇದರ ಜೊತೆಗೇ ಕೇಳಿಬರುವ ಇನ್ನೊಂದು ಹೆಸರು ಬಯೋಇನ್ಫರ್ಮ್ಯಾಟಿಕ್ಸ್. ಜೈವಿಕ ದತ್ತಾಂಶವನ್ನು ಸಂಗ್ರಹಿಸುವ, ಜೋಡಿಸುವ, ಹುಡುಕುವ ಸಾಧನಗಳನ್ನು ಕಟ್ಟುವುದಕ್ಕೆ ಈ ಹೆಸರನ್ನೂ, ಆ ಸಾಧನಗಳಿಂದ ಜೀವವಿಜ್ಞಾನದ ಪ್ರಶ್ನೆಗಳನ್ನು ಬಿಡಿಸುವುದಕ್ಕೆ ಮೊದಲನೆಯ ಹೆಸರನ್ನೂ ಬಳಸುವುದು ರೂಢಿ. ಆದರೆ ಉದ್ಯೋಗದ ಜಾಹೀರಾತುಗಳಲ್ಲಿ ಈ ಗೆರೆ ಎಲ್ಲೆಂದರಲ್ಲಿ ಅಳಿಸಿಹೋಗಿರುತ್ತದೆ. ಆದ್ದರಿಂದ ಹುದ್ದೆಯ ಹೆಸರಿಗಿಂತ ಅದರ ಕೆಳಗಿನ ಕೆಲಸದ ವಿವರವನ್ನು ಓದುವುದು ಒಳ್ಳೆಯದು.

ಆಸ್ಪತ್ರೆಯ ರೋಗಿಗಳ ದಾಖಲೆ ಇಡುವ ಸಾಫ್ಟ್‌ವೇರ್ ಅಥವಾ ವೈದ್ಯರ ಭೇಟಿಯ ಸಮಯ ಕಾಯ್ದಿರಿಸುವ ಆ್ಯಪ್ ಈ ಕ್ಷೇತ್ರಕ್ಕೆ ಸೇರುವುದಿಲ್ಲ. ಅಲ್ಲಿ ಜೀವಿಗಳ ಬಗ್ಗೆ ಹೊಸದಾಗಿ ತಿಳಿಯಬೇಕಾದದ್ದು ಏನೂ ಇರುವುದಿಲ್ಲ.

ಜೀವ ಅಕ್ಷರಗಳಾಗಿ ಬಂದ ಬಗೆ

ಜೀವವಿಜ್ಞಾನಕ್ಕೆ ಕಂಪ್ಯೂಟರ್ ಏಕೆ ಬೇಕಾಯಿತು ಎಂಬುದನ್ನು ತಿಳಿಯಲು ಎರಡು ಅಣುಗಳ ಪರಿಚಯ ಸಾಕು. ಮೊದಲನೆಯದು ಡಿಎನ್‌ಎ. ಇದು ನಾಲ್ಕು ರಾಸಾಯನಿಕ ಘಟಕಗಳು ಒಂದರ ಹಿಂದೆ ಒಂದು ಪೋಣಿಸಿಕೊಂಡಿರುವ ಉದ್ದನೆಯ ಸರಪಣಿ. ಆ ಘಟಕಗಳನ್ನು ಎ, ಸಿ, ಜಿ, ಟಿ ಎಂಬ ನಾಲ್ಕು ಅಕ್ಷರಗಳಿಂದ ಗುರುತಿಸುತ್ತಾರೆ. ಒಂದು ಜೀವಿಯ ಡಿಎನ್‌ಎ ಸಮಗ್ರವನ್ನು ಜಿನೋಮ್ ಎನ್ನುತ್ತಾರೆ. ಮನುಷ್ಯನ ಜಿನೋಮಿನಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ. ಎರಡನೆಯದು ಪ್ರೋಟೀನ್. ಇದು 20 ಬಗೆಯ ಅಮೈನೋ ಆಮ್ಲಗಳ ಸರಪಣಿ. ಜಿನೋಮಿನಲ್ಲಿ ಯಾವ ಪ್ರೋಟೀನನ್ನು ಹೇಗೆ ಕಟ್ಟಬೇಕೆಂಬ ಸೂಚನೆ ಇರುವ ತುಣುಕುಗಳೇ ಜೀನ್‌ಗಳು. ಮನುಷ್ಯನಲ್ಲಿ ಪ್ರೋಟೀನ್ ಕಟ್ಟುವ ಜೀನ್‌ಗಳು ಸುಮಾರು 20,000.

ಈ ಸರಪಣಿಗಳನ್ನು ಓದುವ ವಿಧಾನ ಮೊದಲು ದೊರೆತದ್ದು ಪ್ರೋಟೀನುಗಳಿಗೆ. ಬ್ರಿಟನ್ನಿನ ಫ್ರೆಡರಿಕ್ ಸ್ಯಾಂಗರ್ 1950ರ ದಶಕದಲ್ಲಿ ಇನ್ಸುಲಿನ್‌ನ 51 ಅಮೈನೋ ಆಮ್ಲಗಳ ಅನುಕ್ರಮವನ್ನು ಪೂರ್ತಿಯಾಗಿ ಬಿಡಿಸಿದರು. ಡಿಎನ್‌ಎಯನ್ನು ಓದುವ ಅವರದೇ ವಿಧಾನ 1977ರಲ್ಲಿ ಬಂತು. ಇವೆರಡರ ನಡುವಿನ ಕಾಲದಲ್ಲಿ ಅಮೆರಿಕದ ಮಾರ್ಗರೆಟ್ ಡೇಹಾಫ್ ಮುಂದಾಗುವುದನ್ನು ಮೊದಲೇ ಕಂಡರು. ಕ್ವಾಂಟಂ ರಸಾಯನವಿಜ್ಞಾನದಲ್ಲಿ ಪಳಗಿ, ರಂಧ್ರ ಹೊಡೆದ ಕಾರ್ಡುಗಳ ಯಂತ್ರಗಳಲ್ಲಿ ಲೆಕ್ಕ ಮಾಡುತ್ತಿದ್ದ ಅವರು, ಸಹೋದ್ಯೋಗಿ ರಾಬರ್ಟ್ ಲೆಡ್ಲಿ ಅವರೊಂದಿಗೆ ಪ್ರೋಟೀನಿನ ಚೂರುಗಳ ಅನುಕ್ರಮದಿಂದ ಪೂರ್ಣ ಸರಪಣಿಯನ್ನು ಜೋಡಿಸುವ ಪ್ರೋಗ್ರಾಂ ಬರೆದರು, ಮತ್ತು ಅದುವರೆಗೆ ತಿಳಿದಿದ್ದ 65 ಪ್ರೋಟೀನುಗಳ ಅನುಕ್ರಮವನ್ನು 1965ರಲ್ಲಿ ಒಂದು ಸಂಪುಟವಾಗಿ ಹೊರತಂದರು. ಅಮೈನೋ ಆಮ್ಲಗಳಿಗೆ ಇಂದಿಗೂ ಬಳಸುವ ಒಂದಕ್ಷರದ ಗುರುತುಗಳು ಅವರ ಕೊಡುಗೆ. ಕಡತಗಳ ಗಾತ್ರ ಕಡಿಮೆಯಾಗಲಿ ಎಂಬುದು ಅದರ ಹಿಂದಿನ ಸರಳ ಕಾರಣ.

ಅದೇ ಹೊತ್ತಿನಲ್ಲಿ ಮದ್ರಾಸು ವಿಶ್ವವಿದ್ಯಾಲಯದಲ್ಲಿ ಜಿ. ಎನ್. ರಾಮಚಂದ್ರನ್, ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಪ್ರೋಟೀನಿನ ಸರಪಣಿ ಎಲ್ಲೆಲ್ಲಿ ಎಷ್ಟು ತಿರುಗಬಲ್ಲದು ಎಂಬುದನ್ನು ಲೆಕ್ಕ ಹಾಕಿದರು. ಎರಡು ಪರಮಾಣುಗಳು ಒಂದರ ಜಾಗಕ್ಕೆ ಇನ್ನೊಂದು ನುಗ್ಗಲಾರವು ಎಂಬ ಒಂದೇ ನಿಯಮದಿಂದ ಹೊರಟು, ಸಾಧ್ಯವಿರುವ ತಿರುವುಗಳು ಯಾವುವು, ಇಲ್ಲದವು ಯಾವುವು ಎಂದು ತೋರಿಸುವ ನಕ್ಷೆಯನ್ನು 1963ರಲ್ಲಿ ಪ್ರಕಟಿಸಿದರು. ರಾಮಚಂದ್ರನ್ ನಕ್ಷೆ ಎಂದೇ ಹೆಸರಾದ ಅದರ ಮೂಲಕ ಹಾಯದೆ ಇಂದಿಗೂ ಯಾವ ಪ್ರೋಟೀನಿನ ರಚನೆಯೂ ಅಂಗೀಕಾರ ಪಡೆಯುವುದಿಲ್ಲ. ರಾಮಚಂದ್ರನ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಲ್ಲಿ ಅಣು ಜೀವಭೌತವಿಜ್ಞಾನ ವಿಭಾಗವನ್ನು ಕಟ್ಟಿದರು. ಜೀವವಿಜ್ಞಾನವನ್ನು ಲೆಕ್ಕದಿಂದ ಮಾಡುವ ಪರಂಪರೆ ನಮ್ಮಲ್ಲಿ ಸಾಫ್ಟ್‌ವೇರ್ ಉದ್ಯಮಕ್ಕಿಂತ ಹಳೆಯದು ಎಂಬುದನ್ನು ಇಲ್ಲಿ ಗಮನಿಸಬಹುದು.

ಪಾಠಾಂತರ ಹುಡುಕುವ ಲೆಕ್ಕ

ಅನುಕ್ರಮಗಳು ಕೈಗೆ ಬಂದ ಮೇಲೆ ಮೊದಲ ಕೆಲಸ ಅವುಗಳನ್ನು ಹೋಲಿಸುವುದು. ಹಳಗನ್ನಡ ಕಾವ್ಯವೊಂದರ ಓಲೆಗರಿ ಪ್ರತಿಗಳನ್ನು ಸಂಪಾದಿಸುವವರು ಏನು ಮಾಡುತ್ತಾರೋ ಇಲ್ಲಿಯೂ ನಡೆಯುವುದು ಅದೇ. ಒಂದು ಪ್ರತಿಯಲ್ಲಿ ಒಂದು ಪದ ಬಿಟ್ಟುಹೋಗಿರುತ್ತದೆ, ಇನ್ನೊಂದರಲ್ಲಿ ಒಂದು ಅಕ್ಷರ ಬದಲಾಗಿರುತ್ತದೆ, ಮತ್ತೊಂದರಲ್ಲಿ ಒಂದು ಸಾಲು ಎರಡು ಬಾರಿ ಬಂದಿರುತ್ತದೆ. ಸಂಪಾದಕರು ಪ್ರತಿಗಳನ್ನು ಪಕ್ಕಪಕ್ಕ ಇಟ್ಟು, ಸಾಲಿಗೆ ಸಾಲು ಹೊಂದಿಸಿ, ಪಾಠಾಂತರಗಳನ್ನು ಗುರುತು ಹಾಕುತ್ತಾರೆ. ಎರಡು ಪ್ರತಿಗಳಲ್ಲಿ ಒಂದೇ ತಪ್ಪು ಇದ್ದರೆ ಅವೆರಡೂ ಒಂದೇ ಮೂಲಪ್ರತಿಯಿಂದ ಇಳಿದುಬಂದವು ಎಂದು ಊಹಿಸುತ್ತಾರೆ. ಜೀವಕೋಶವೂ ಒಬ್ಬ ಲಿಪಿಕಾರನೇ. ಪ್ರತಿ ಬಾರಿ ಡಿಎನ್‌ಎಯನ್ನು ನಕಲು ಮಾಡುವಾಗ ಅಪರೂಪಕ್ಕೆ ತಪ್ಪುತ್ತದೆ, ಮತ್ತು ಆ ತಪ್ಪು ಮುಂದಿನ ಎಲ್ಲ ನಕಲುಗಳಿಗೂ ಸಾಗುತ್ತದೆ. ಅನುಕ್ರಮಗಳನ್ನು ಹೊಂದಿಸುವ ಕೆಲಸಕ್ಕೆ ಅಲೈನ್‌ಮೆಂಟ್ ಎಂದೂ, ಹಂಚಿಕೊಂಡ ತಪ್ಪುಗಳಿಂದ ವಂಶವೃಕ್ಷ ಬಿಡಿಸುವ ಕೆಲಸಕ್ಕೆ ಫೈಲೋಜೆನೆಟಿಕ್ಸ್ ಎಂದೂ ಹೆಸರು.

ಕೈಯಿಂದ ಇದನ್ನು ಮಾಡಲು ಸಾಧ್ಯವಿಲ್ಲ ಎಂಬುದಕ್ಕೆ ಒಂದು ಸಣ್ಣ ಲೆಕ್ಕ ಸಾಕು. ತಲಾ 100 ಅಕ್ಷರಗಳ ಎರಡು ಅನುಕ್ರಮಗಳನ್ನು, ನಡುವೆ ಬೇಕಾದಲ್ಲಿ ಖಾಲಿ ಜಾಗ ಬಿಟ್ಟು, ಹೊಂದಿಸಬಹುದಾದ ಬಗೆಗಳ ಸಂಖ್ಯೆಯಲ್ಲಿ 50ಕ್ಕೂ ಹೆಚ್ಚು ಅಂಕಿಗಳಿರುತ್ತವೆ. ಒಂದೊಂದನ್ನೇ ಪರೀಕ್ಷಿಸುತ್ತ ಕೂತರೆ ಯಾವ ಕಂಪ್ಯೂಟರೂ ಮುಗಿಸಲಾರದು. 1970ರಲ್ಲಿ ಸಾಲ್ ನೀಡಲ್‌ಮನ್ ಮತ್ತು ಕ್ರಿಶ್ಚಿಯನ್ ವುನ್ಶ್ ಇದಕ್ಕೊಂದು ಉಪಾಯ ಕೊಟ್ಟರು. ಒಂದು ಅನುಕ್ರಮವನ್ನು ಅಡ್ಡಸಾಲಾಗಿ, ಇನ್ನೊಂದನ್ನು ಉದ್ದಸಾಲಾಗಿ ಇಟ್ಟು ಚೌಕಗಳ ಕೋಷ್ಟಕ ಮಾಡಿ, ಪ್ರತಿ ಚೌಕಕ್ಕೂ ಅಲ್ಲಿಯವರೆಗಿನ ಅತ್ಯುತ್ತಮ ಹೊಂದಾಣಿಕೆಯ ಅಂಕವನ್ನು ಮಾತ್ರ ಬರೆದಿಟ್ಟುಕೊಂಡು ಮುಂದೆ ಹೋದರೆ, ಸುಮಾರು 10,000 ಚೌಕಗಳಲ್ಲಿ ಕೆಲಸ ಮುಗಿಯುತ್ತದೆ. ಉತ್ತರವೂ ಖಚಿತವಾಗಿ ಅತ್ಯುತ್ತಮದ್ದೇ. ಆದರೆ ಜಗತ್ತಿನ ಅನುಕ್ರಮಗಳ ಭಂಡಾರ ಬೆಳೆದಂತೆ ಇದೂ ನಿಧಾನವೆನಿಸಿತು. 1990ರಲ್ಲಿ ಬಂದ ಬ್ಲಾಸ್ಟ್ ಎಂಬ ಪ್ರೋಗ್ರಾಂ, ಮೊದಲು ಚಿಕ್ಕ ಚೂರುಗಳು ಎಲ್ಲಿ ಹೊಂದುತ್ತವೆ ಎಂದು ನೋಡಿ ಅಲ್ಲಿಂದ ಎರಡೂ ಕಡೆಗೆ ವಿಸ್ತರಿಸುವ ಮೂಲಕ, ಸ್ವಲ್ಪ ಖಚಿತತೆಯನ್ನು ಬಿಟ್ಟುಕೊಟ್ಟು ಬಹಳಷ್ಟು ವೇಗ ಗಳಿಸಿತು. ಎಷ್ಟು ಖಚಿತತೆಯನ್ನು ಬಿಟ್ಟುಕೊಡಬಹುದು ಎಂಬ ನಿರ್ಧಾರವು ಜೀವವಿಜ್ಞಾನ ತಿಳಿದವರಿಂದ ಮಾತ್ರ ಸಾಧ್ಯ, ವೇಗ ಹೇಗೆ ಬರುತ್ತದೆ ಎಂಬುದು ಪ್ರೋಗ್ರಾಮಿಂಗ್ ತಿಳಿದವರಿಂದ ಮಾತ್ರ ಸಾಧ್ಯ. ಈ ವೃತ್ತಿಯ ಹುಟ್ಟು ಇಂಥ ಕಡೆಯಲ್ಲಿದೆ.

ಕೊರೊನಾ ಕಾಲದಲ್ಲಿ ಇದೇ ಲೆಕ್ಕ ಎಲ್ಲರ ಮನೆಯ ಮಾತಾಯಿತು, ಯಾರೂ ಅದನ್ನು ಲೆಕ್ಕವೆಂದು ಗುರುತಿಸಲಿಲ್ಲ ಅಷ್ಟೇ. ವೈರಾಣುವಿನ ಸುಮಾರು 30,000 ಅಕ್ಷರಗಳ ಜಿನೋಮ್ 2020ರ ಜನವರಿಯಲ್ಲಿ ಪ್ರಕಟವಾಯಿತು. ಆಮೇಲೆ ರೋಗಿಗಳಿಂದ ಪಡೆದ ಲಕ್ಷಾಂತರ ಮಾದರಿಗಳ ಜಿನೋಮನ್ನು ಅದರೊಂದಿಗೆ ಹೊಂದಿಸಿ, ಯಾವ ತಪ್ಪುಗಳು ಒಟ್ಟಿಗೆ ಬರುತ್ತಿವೆ ಎಂದು ನೋಡಿಯೇ ಡೆಲ್ಟಾ, ಒಮಿಕ್ರಾನ್ ಮುಂತಾದ ರೂಪಾಂತರಿಗಳನ್ನು ಗುರುತಿಸಿದ್ದು. ಭಾರತದಲ್ಲಿ 2020ರ ಡಿಸೆಂಬರ್‌ನಲ್ಲಿ ಇದಕ್ಕಾಗಿ ರಚನೆಯಾದ ಇನ್ಸಾಕಾಗ್ ಒಕ್ಕೂಟದ ಮೊದಲ ಪ್ರಯೋಗಾಲಯಗಳಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಕೂಡ ಇತ್ತು.

ನಾಲ್ಕು ವಾರಗಳ ಪ್ರೋಗ್ರಾಂ

ಪ್ರೋಗ್ರಾಮರ್ ಒಬ್ಬರು ಸಂಶೋಧನೆಯ ನಡುವೆ ನಿಂತರೆ ಏನಾಗಬಹುದು ಎಂಬುದಕ್ಕೆ ಜಿಮ್ ಕೆಂಟ್ ಅವರ ಕತೆಗಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ. ಮಾನವ ಜಿನೋಮ್ ಯೋಜನೆ 1990ರಲ್ಲಿ ಸಾರ್ವಜನಿಕ ಹಣದಿಂದ ಆರಂಭವಾಗಿತ್ತು. 1998ರಲ್ಲಿ ಸೆಲೆರಾ ಎಂಬ ಖಾಸಗಿ ಕಂಪನಿ ಅದೇ ಕೆಲಸವನ್ನು ಬೇಗ ಮುಗಿಸುವುದಾಗಿ ಹೇಳಿ ಸ್ಪರ್ಧೆಗೆ ಇಳಿಯಿತು. 2000ದ ವಸಂತದ ವೇಳೆಗೆ ಸಾರ್ವಜನಿಕ ಯೋಜನೆಯ ಬಳಿ ಓದಿದ ತುಣುಕುಗಳೇನೋ ಇದ್ದವು. ಲಕ್ಷಗಟ್ಟಲೆ ಚೂರುಗಳಾಗಿದ್ದ ಅವುಗಳನ್ನು ಸರಿಯಾದ ಕ್ರಮದಲ್ಲಿ ಜೋಡಿಸುವ ಪ್ರೋಗ್ರಾಂ ಮಾತ್ರ ಇರಲಿಲ್ಲ.

ಕೆಂಟ್ ಆಗ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾಕ್ರೂಸ್ ಆವರಣದಲ್ಲಿ ಜೀವವಿಜ್ಞಾನದ ಪಿಎಚ್‌ಡಿ ವಿದ್ಯಾರ್ಥಿ. ಅದಕ್ಕೂ ಮೊದಲು ವರ್ಷಗಟ್ಟಲೆ ಆನಿಮೇಷನ್ ಸಾಫ್ಟ್‌ವೇರ್ ಬರೆದಿದ್ದವರು. ಅವರು ಸುಮಾರು ನಾಲ್ಕು ವಾರ ಹಗಲಿರುಳು ಕೂತು ಗಿಗಾಸೆಂಬ್ಲರ್ ಎಂಬ ಪ್ರೋಗ್ರಾಂ ಬರೆದರು. ಬೆರಳೊತ್ತಿ ಊದಿಕೊಂಡ ಮಣಿಕಟ್ಟುಗಳಿಗೆ ರಾತ್ರಿ ಮಂಜುಗಡ್ಡೆ ಇಟ್ಟುಕೊಳ್ಳಬೇಕಾಯಿತಂತೆ. ವಿಶ್ವವಿದ್ಯಾಲಯ ಕೊಂಡಿದ್ದ ಸುಮಾರು 100 ಸಾಮಾನ್ಯ ಕಂಪ್ಯೂಟರುಗಳಲ್ಲಿ ಅದನ್ನು ಓಡಿಸಿ, ಜೂನ್ 22ರಂದು ಮಾನವ ಜಿನೋಮಿನ ಮೊದಲ ಕರಡು ಜೋಡಣೆಯನ್ನು ಮುಗಿಸಿದರು. ನಾಲ್ಕು ದಿನಗಳ ಬಳಿಕ ಶ್ವೇತಭವನದಲ್ಲಿ ಘೋಷಣೆ ನಡೆಯಿತು, ಜುಲೈ 7ರಂದು ಆ ಜೋಡಣೆಯನ್ನು ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಅಂತರಜಾಲದಲ್ಲಿ ಇಟ್ಟರು. ಆಮೇಲೆ ಅದನ್ನು ನೋಡಲು ಅವರು ಕಟ್ಟಿದ ಜಿನೋಮ್ ಬ್ರೌಸರನ್ನು ಸಂಶೋಧಕರು ಈಗಲೂ ದಿನನಿತ್ಯ ತೆರೆಯುತ್ತಾರೆ.

ಈ ಪ್ರಸಂಗದಲ್ಲಿ ಜನರ ಗಮನಕ್ಕೆ ಬರುವುದು ಕೋಡ್ ಬರೆದ ವೇಗ. ಆದರೆ ಚೂರುಗಳ ಜೋಡಣೆಯಲ್ಲಿ ಕಷ್ಟವಿದ್ದದ್ದು ಬೇರೆ ಕಡೆ. ಮಾನವ ಜಿನೋಮಿನ ಅರ್ಧದಷ್ಟು ಭಾಗ ಮತ್ತೆ ಮತ್ತೆ ಬರುವ ಒಂದೇ ರೀತಿಯ ತುಣುಕುಗಳಿಂದ ತುಂಬಿದೆ. ಎರಡು ಚೂರುಗಳ ಅಂಚುಗಳು ಹೊಂದಿದ ಮಾತ್ರಕ್ಕೆ ಅವು ನೆರೆಹೊರೆಯವೆಂದು ತೀರ್ಮಾನಿಸಿದರೆ ಜೋಡಣೆ ಅಲ್ಲಿಯೇ ಹಳಿ ತಪ್ಪುತ್ತದೆ. ಯಾವ ಹೊಂದಿಕೆಯನ್ನು ನಂಬಬೇಕು, ಯಾವುದನ್ನು ನಂಬಬಾರದು ಎಂಬುದು ಕೆಂಟ್ ಅವರಿಗೆ ತಿಳಿದಿತ್ತು, ಏಕೆಂದರೆ ಅವರು ಜೀವವಿಜ್ಞಾನವನ್ನೇ ಓದುತ್ತಿದ್ದರು.

ಒಂದು ಪ್ರಶ್ನೆಯ ಹಾದಿ

ಇಂದಿನ ಒಂದು ಸಾಮಾನ್ಯ ಅಧ್ಯಯನವನ್ನು ಆರಂಭದಿಂದ ಕೊನೆಯವರೆಗೆ ನೋಡೋಣ. ಪ್ರಶ್ನೆ ಇದು: ಸ್ತನ ಕ್ಯಾನ್ಸರಿನ ಗಡ್ಡೆಯಲ್ಲಿ, ಪಕ್ಕದ ಆರೋಗ್ಯವಂತ ಅಂಗಾಂಶಕ್ಕೆ ಹೋಲಿಸಿದರೆ, ಯಾವ ಜೀನ್‌ಗಳು ಹೆಚ್ಚು ಕೆಲಸ ಮಾಡುತ್ತಿವೆ? ಜೀನ್ ಒಂದು ಕೆಲಸ ಮಾಡುವಾಗ ಅದರ ನಕಲುಗಳು ಆರ್‌ಎನ್‌ಎ ಎಂಬ ಅಣುಗಳಾಗಿ ಹೊರಬರುತ್ತವೆ. ಪ್ರಯೋಗಾಲಯದವರು ಎರಡೂ ಅಂಗಾಂಶಗಳಿಂದ ಆರ್‌ಎನ್‌ಎ ತೆಗೆದು ಅನುಕ್ರಮ ಓದುವ ಯಂತ್ರಕ್ಕೆ ಕೊಡುತ್ತಾರೆ. ಒಂದೊಂದು ಮಾದರಿಯಿಂದ ಸಾಮಾನ್ಯವಾಗಿ ತಲಾ 100ರಿಂದ 150 ಅಕ್ಷರಗಳ ಕೋಟಿಗಟ್ಟಲೆ ತುಣುಕುಗಳು ಪಠ್ಯಕಡತವಾಗಿ ಬರುತ್ತವೆ.

ಇಲ್ಲಿಂದ ಮುಂದೆ ಪ್ರೋಗ್ರಾಮಿಂಗ್. ಮೊದಲು ತುಣುಕುಗಳ ಗುಣಮಟ್ಟ ಪರೀಕ್ಷಿಸಿ, ಯಂತ್ರ ಸಂಶಯಪಟ್ಟ ಅಕ್ಷರಗಳನ್ನು ಕತ್ತರಿಸಬೇಕು. ನಂತರ ಪ್ರತಿಯೊಂದು ತುಣುಕೂ ಮಾನವ ಜಿನೋಮಿನ ಯಾವ ಜಾಗದಿಂದ ಬಂದದ್ದೆಂದು ಹೊಂದಿಸಿ, ಜೀನಿಗೆ ಎಷ್ಟೆಂದು ಎಣಿಸಬೇಕು. ಇವೆಲ್ಲಕ್ಕೂ ಸಿದ್ಧ ಸಾಧನಗಳಿವೆ. ಅವನ್ನು ಲಿನಕ್ಸ್ ಗಣಕದಲ್ಲಿ ಒಂದರ ನಂತರ ಒಂದು ಓಡುವಂತೆ ಪೋಣಿಸುವುದನ್ನು ಈ ವೃತ್ತಿಯವರು ಪೈಪ್‌ಲೈನ್ ಎನ್ನುತ್ತಾರೆ. ಕೊನೆಗೆ ಕೈಗೆ ಸಿಗುವುದು ಒಂದು ದೊಡ್ಡ ಕೋಷ್ಟಕ: ಸಾಲಿಗೊಂದು ಜೀನ್, ಕಂಬಕ್ಕೊಂದು ಮಾದರಿ, ಮನೆಮನೆಗೊಂದು ಎಣಿಕೆ.

ಸಂಶೋಧನೆ ಆರಂಭವಾಗುವುದೇ ಈ ಕೋಷ್ಟಕದಿಂದ. ಒಂದು ಜೀನಿನ ಎಣಿಕೆ ಗಡ್ಡೆಯಲ್ಲಿ ಹೆಚ್ಚಿದ್ದರೆ ಅದು ನಿಜವೋ ಆಕಸ್ಮಿಕವೋ ಎಂದು ತಿಳಿಯಲು ಸಂಖ್ಯಾಶಾಸ್ತ್ರದ ಪರೀಕ್ಷೆ ಮಾಡುತ್ತಾರೆ. ವ್ಯತ್ಯಾಸವೇ ಇಲ್ಲದ ಜೀನಿನಲ್ಲಿ ಬರೀ ಆಕಸ್ಮಿಕದಿಂದ ಇಷ್ಟು ದೊಡ್ಡ ಅಂತರ ಕಾಣುವ ಸಂಭವ ಶೇ 5ಕ್ಕಿಂತ ಕಡಿಮೆಯಿದ್ದರೆ ಒಪ್ಪಬಹುದು ಎಂಬುದು ಪಠ್ಯಪುಸ್ತಕದ ರೂಢಿ. ಆದರೆ ಇಲ್ಲಿ ಪರೀಕ್ಷೆ ನಡೆಯುವುದು 20,000 ಜೀನ್‌ಗಳ ಮೇಲೆ. ಗಡ್ಡೆಗೂ ಆರೋಗ್ಯವಂತ ಅಂಗಾಂಶಕ್ಕೂ ಒಂದೇ ಒಂದು ಜೀನಿನಲ್ಲಿಯೂ ವ್ಯತ್ಯಾಸವಿಲ್ಲ ಎಂದಿಟ್ಟುಕೊಂಡರೂ, 20,000ದ ಶೇ 5 ಎಂದರೆ ಸುಮಾರು 1,000 ಜೀನ್‌ಗಳು ಪರೀಕ್ಷೆಯಲ್ಲಿ ತೇರ್ಗಡೆಯಾಗಿ ನಿಲ್ಲುತ್ತವೆ. ಆ ಸಾವಿರದ ಪಟ್ಟಿಯಲ್ಲಿ ಕ್ಯಾನ್ಸರಿಗೆ ಸಂಬಂಧಿಸಿದಂತೆ ಕಾಣುವ ಹತ್ತಾರು ಹೆಸರುಗಳು ಇದ್ದೇ ಇರುತ್ತವೆ, ಮತ್ತು ಅವುಗಳ ಸುತ್ತ ನಂಬುವಂಥ ವಿವರಣೆ ಹೆಣೆಯುವುದೂ ಕಷ್ಟವಲ್ಲ. ಆದ್ದರಿಂದಲೇ, ಒಪ್ಪಿಕೊಂಡ ಪಟ್ಟಿಯಲ್ಲಿ ಸುಳ್ಳಿನ ಪಾಲು ಇಷ್ಟನ್ನು ಮೀರಬಾರದು ಎಂದು ಮಿತಿ ಹಾಕುವ ವಿಧಾನಗಳನ್ನು ಇಲ್ಲಿ ಕಡ್ಡಾಯವಾಗಿ ಬಳಸುತ್ತಾರೆ. ಇಸ್ರೇಲಿನ ಸಂಖ್ಯಾಶಾಸ್ತ್ರಜ್ಞರಾದ ಬೆಂಜಮಿನಿ ಮತ್ತು ಹಾಕ್‌ಬರ್ಗ್ 1995ರಲ್ಲಿ ಕೊಟ್ಟ ವಿಧಾನ ಅವುಗಳಲ್ಲಿ ಪ್ರಸಿದ್ಧ. ಆಮೇಲೆ ಉಳಿದ ಜೀನ್‌ಗಳಲ್ಲಿ ಕೆಲವನ್ನು ಆರಿಸಿ, ಪ್ರಯೋಗಾಲಯದಲ್ಲಿ ಬೇರೆ ವಿಧಾನದಿಂದ ಪರೀಕ್ಷಿಸಿದ ಬಳಿಕವೇ ಮಾತು ಗಟ್ಟಿಯಾಗುತ್ತದೆ.

ಪ್ರೋಗ್ರಾಂ ಓಡಿತು, ಉತ್ತರ ತಪ್ಪಿತು

ಸಾಫ್ಟ್‌ವೇರ್ ಉದ್ಯಮದಿಂದ ಬರುವವರು ಎಲ್ಲಕ್ಕಿಂತ ಮೊದಲು ಅರಿಯಬೇಕಾದ ವ್ಯತ್ಯಾಸ ಇಲ್ಲಿದೆ. ಬ್ಯಾಂಕಿನ ಪ್ರೋಗ್ರಾಂ ತಪ್ಪಿದರೆ ಗ್ರಾಹಕರು ಸಂಜೆಯೊಳಗೆ ಕೂಗಾಡುತ್ತಾರೆ. ಸರಿಯಾದ ಉತ್ತರ ಏನಿರಬೇಕೆಂದು ಅವರಿಗೆ ಮೊದಲೇ ಗೊತ್ತು. ಸಂಶೋಧನೆಯಲ್ಲಿ ಸರಿಯುತ್ತರ ಯಾರಿಗೂ ಗೊತ್ತಿರುವುದಿಲ್ಲ, ಅದನ್ನು ತಿಳಿಯಲೆಂದೇ ಪ್ರೋಗ್ರಾಂ ಬರೆದಿರುತ್ತಾರೆ. ಹಾಗಾಗಿ ಕೋಡಿನ ದೋಷವು ದೋಷದಂತೆ ಕಾಣದೆ ಹೊಸ ಶೋಧದಂತೆ ಕಾಣಿಸಿಕೊಳ್ಳಬಹುದು.

ಇದು ಊಹೆಯ ಮಾತಲ್ಲ. ಅಮೆರಿಕದ ಹೆಸರಾಂತ ಪ್ರಯೋಗಾಲಯವೊಂದು ಜೀವಕೋಶದ ಪೊರೆಯಲ್ಲಿರುವ ಪ್ರೋಟೀನುಗಳ ರಚನೆಯ ಬಗ್ಗೆ ಪ್ರಕಟಿಸಿದ್ದ ಐದು ಪ್ರಬಂಧಗಳನ್ನು 2006-07ರಲ್ಲಿ ಹಿಂತೆಗೆದುಕೊಳ್ಳಬೇಕಾಯಿತು. ಪ್ರಯೋಗಾಲಯದಲ್ಲೇ ಬಳಕೆಯಲ್ಲಿದ್ದ ಒಂದು ಚಿಕ್ಕ ಪ್ರೋಗ್ರಾಂ ದತ್ತಾಂಶದ ಎರಡು ಕಂಬಗಳನ್ನು ಅದಲುಬದಲು ಮಾಡಿಬಿಟ್ಟಿತ್ತು. ಅದರಿಂದ ಪ್ರೋಟೀನಿನ ರಚನೆ ಎಡಬಲ ತಿರುಗಿ ಬಂದಿತ್ತು. ಪ್ರೋಗ್ರಾಂ ಎಲ್ಲಿಯೂ ನಿಂತಿರಲಿಲ್ಲ, ಯಾವ ಎಚ್ಚರಿಕೆಯನ್ನೂ ಕೊಟ್ಟಿರಲಿಲ್ಲ. ಬೇರೊಂದು ತಂಡ ಅದೇ ಕುಟುಂಬದ ಪ್ರೋಟೀನ್ ಒಂದರ ರಚನೆಯನ್ನು ಸ್ವತಂತ್ರವಾಗಿ ಬಿಡಿಸಿ, ಎರಡೂ ಹೊಂದದಿದ್ದಾಗ ಮಾತ್ರ ತಪ್ಪು ಬೆಳಕಿಗೆ ಬಂತು.

ನಗು ತರಿಸುವ ಪ್ರಸಂಗಗಳೂ ಇವೆ. ಸೆಪ್ಟ್1, ಮಾರ್ಚ್1 ಎಂಬ ಹೆಸರಿನ ಜೀನ್‌ಗಳನ್ನು ಎಕ್ಸೆಲ್‌ನಲ್ಲಿ ತೆರೆದೊಡನೆ ಅದು ಅವನ್ನು ಸೆಪ್ಟೆಂಬರ್ 1, ಮಾರ್ಚ್ 1 ಎಂಬ ದಿನಾಂಕಗಳಾಗಿ ಬದಲಿಸಿಬಿಡುತ್ತಿತ್ತು. ಜೀನ್‌ಗಳ ಪಟ್ಟಿಯನ್ನು ಎಕ್ಸೆಲ್ ಕಡತವಾಗಿ ಲಗತ್ತಿಸಿದ ಪ್ರಬಂಧಗಳಲ್ಲಿ ಐದರಲ್ಲಿ ಒಂದರಷ್ಟು ಈ ತಪ್ಪನ್ನು ಹೊತ್ತಿವೆ ಎಂದು 2016ರ ಅಧ್ಯಯನವೊಂದು ತೋರಿಸಿತು. ಕೊನೆಗೆ ಸೋತವರು ವಿಜ್ಞಾನಿಗಳೇ: ಜೀನ್‌ಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿ ಆ ಜೀನ್‌ಗಳ ಹೆಸರನ್ನೇ ಸೆಪ್ಟಿನ್1, ಮಾರ್ಚ್‌ಎಫ್1 ಎಂದು ಬದಲಿಸಿ, 2020ರಲ್ಲಿ ಇಂಥ ಹೆಸರುಗಳನ್ನು ಇಡಬಾರದೆಂಬ ಮಾರ್ಗಸೂಚಿ ಹೊರಡಿಸಿತು.

ಮೂರನೆಯ ಬಗೆಯ ತಪ್ಪು ಕೋಡಿನಲ್ಲಿಯೇ ಇರುವುದಿಲ್ಲ. ರೋಗಿಗಳ ಮಾದರಿಗಳನ್ನೆಲ್ಲ ಸೋಮವಾರ, ಆರೋಗ್ಯವಂತರ ಮಾದರಿಗಳನ್ನೆಲ್ಲ ಗುರುವಾರ ಯಂತ್ರಕ್ಕೆ ಹಾಕಿದ್ದರೆ, ಕೋಷ್ಟಕದಲ್ಲಿ ಕಾಣುವ ವ್ಯತ್ಯಾಸ ರೋಗದ್ದೋ ದಿನದ್ದೋ ಎಂದು ಯಾವ ಪ್ರೋಗ್ರಾಮೂ ಹೇಳಲಾರದು. ಮನುಷ್ಯನ ಮತ್ತು ಇಲಿಯ ಅಂಗಾಂಶಗಳನ್ನು ಹೋಲಿಸಿದ ದೊಡ್ಡ ಅಧ್ಯಯನವೊಂದರ ತೀರ್ಮಾನವನ್ನು 2015ರಲ್ಲಿ ಬೇರೆಯವರು ಇದೇ ಕಾರಣಕ್ಕೆ ಪ್ರಶ್ನಿಸಿದರು. ಬಹುಪಾಲು ಮಾದರಿಗಳು ಜೀವಿಗೆ ಒಂದರಂತೆ ಬೇರೆ ಬೇರೆ ತಂಡಗಳಾಗಿ ಯಂತ್ರಕ್ಕೆ ಹೋಗಿದ್ದವು. ಇದನ್ನು ತಪ್ಪಿಸುವ ದಾರಿ ಒಂದೇ, ಲೆಕ್ಕ ಮಾಡುವವರು ಪ್ರಯೋಗದ ಯೋಜನೆಯ ದಿನವೇ ಸಭೆಯಲ್ಲಿ ಇರುವುದು. ಎಲ್ಲ ಮುಗಿದ ಮೇಲೆ ಕಡತವನ್ನು ಇಮೇಲಿನಲ್ಲಿ ಕಳುಹಿಸಿ ವಿಶ್ಲೇಷಣೆ ಮಾಡಿಕೊಡಿ ಎನ್ನುವ ಪದ್ಧತಿ ಈಗಲೂ ಹಲವೆಡೆ ಇದೆ, ಮತ್ತು ಅದು ಈ ವೃತ್ತಿಯವರ ಸಾಮಾನ್ಯ ದೂರು.

ಕೃತಕ ಬುದ್ಧಿಮತ್ತೆ ಬಂದ ಮೇಲೆ

ಆಲ್ಫಾಫೋಲ್ಡ್ ಮಾಡಿದ್ದೇನು ಎಂಬುದು ಮೇಲಿನ ಪಾಠಾಂತರದ ವಿಚಾರದಿಂದಲೇ ತಿಳಿಯುತ್ತದೆ. ಒಂದೇ ಪ್ರೋಟೀನ್ ಸಾವಿರಾರು ಜೀವಿಗಳಲ್ಲಿ ಸ್ವಲ್ಪ ಸ್ವಲ್ಪ ಬೇರೆಯಾಗಿರುತ್ತದೆ. ಆ ಅನುಕ್ರಮಗಳನ್ನೆಲ್ಲ ಹೊಂದಿಸಿ ನೋಡಿದಾಗ, ಸರಪಣಿಯ 20ನೇ ಸ್ಥಾನ ಬದಲಾದಾಗಲೆಲ್ಲ 85ನೇ ಸ್ಥಾನವೂ ಬದಲಾಗಿದ್ದರೆ, ಮಡಚಿದ ಪ್ರೋಟೀನಿನಲ್ಲಿ ಆ ಎರಡು ಸ್ಥಾನಗಳು ಹತ್ತಿರ ಇರುವ ಸಂಭವ ಹೆಚ್ಚು. ಇಂಥ ಸುಳಿವುಗಳಿಂದ ಆಕಾರವನ್ನು ಹೇಳುವುದನ್ನು ಆಲ್ಫಾಫೋಲ್ಡ್ ಕಲಿತದ್ದು, ಜಗತ್ತಿನ ಪ್ರಯೋಗಾಲಯಗಳು 1971ರಿಂದ ಪ್ರೋಟೀನ್ ಡೇಟಾ ಬ್ಯಾಂಕ್ ಎಂಬ ಸಾರ್ವಜನಿಕ ಭಂಡಾರದಲ್ಲಿ ಕೂಡಿಡುತ್ತ ಬಂದ ಒಂದೂವರೆ ಲಕ್ಷಕ್ಕೂ ಹೆಚ್ಚು ರಚನೆಗಳಿಂದ. ಎರಡು ವರ್ಷಕ್ಕೊಮ್ಮೆ ನಡೆಯುವ ರಚನಾ ಊಹೆಯ ಸ್ಪರ್ಧೆಯಲ್ಲಿ ಅದು 2020ರಲ್ಲಿ ಉಳಿದೆಲ್ಲರನ್ನೂ ಬಹುದೂರ ಹಿಂದೆ ಹಾಕಿತು. 2022ರ ವೇಳೆಗೆ 20 ಕೋಟಿಗೂ ಹೆಚ್ಚು ಪ್ರೋಟೀನುಗಳ ಊಹಿತ ರಚನೆ ಎಲ್ಲರಿಗೂ ಉಚಿತವಾಗಿ ಸಿಗುವಂತಾಯಿತು.

ಈ ಪ್ರೋಗ್ರಾಂ ಪ್ರತಿಯೊಂದು ಅಮೈನೋ ಆಮ್ಲದ ಸ್ಥಾನಕ್ಕೂ ತನ್ನ ಭರವಸೆ ಎಷ್ಟೆಂದು 0ಯಿಂದ 100ರ ಅಂಕ ಕೊಡುತ್ತದೆ. ಅಂಕ ಕಡಿಮೆ ಇರುವ ಭಾಗದ ಚಿತ್ರವನ್ನು ನಿಜವೆಂದು ಹಿಡಿದು ಮುಂದೆ ಹೋಗುವುದು ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪು. ಪ್ರೋಟೀನ್ ಜೀವಕೋಶದಲ್ಲಿ ಹೇಗೆ ಅಲುಗಾಡುತ್ತದೆ, ಒಂದೇ ಅಕ್ಷರ ಬದಲಾದ ರೋಗಿಯಲ್ಲಿ ಅದು ಏಕೆ ಕೆಡುತ್ತದೆ ಎಂಬುದಕ್ಕೆ ಈ ಚಿತ್ರದಿಂದ ನೇರ ಉತ್ತರ ಸಿಗುವುದಿಲ್ಲ.

ಕೋಡನ್ನೇ ಬರೆದುಕೊಡುವ ಕೃತಕ ಬುದ್ಧಿಮತ್ತೆಯ ಸಾಧನಗಳು ಬಂದಿರುವುದರಿಂದ ಪ್ರೋಗ್ರಾಮಿಂಗ್ ಕಲಿಯಬೇಕೇ ಎಂಬ ಪ್ರಶ್ನೆಯೂ ಇದೆ. ಕಡತ ತೆರೆಯುವ, ನಕ್ಷೆ ಬಿಡಿಸುವ ಹತ್ತಿಪ್ಪತ್ತು ಸಾಲುಗಳನ್ನು ಅವು ಚೆನ್ನಾಗಿಯೇ ಬರೆಯುತ್ತವೆ. ಆದರೆ ಎರಡು ಕಂಬಗಳು ಅದಲುಬದಲಾಗಿವೆಯೇ, ಮಾದರಿಗಳು ಯಾವ ದಿನ ಯಂತ್ರಕ್ಕೆ ಹೋದವು ಎಂಬುದನ್ನು ಕೇಳುವ ಹೊಣೆ ಹೆಸರು ಹಾಕುವ ಸಂಶೋಧಕರದ್ದೇ, ಮತ್ತು ಓದಲು ಬಾರದ ಕೋಡಿನಲ್ಲಿ ಅದನ್ನು ಕೇಳಲಾಗದು.

ಕಲಿಯುವ ದಾರಿ

ಈ ಕ್ಷೇತ್ರಕ್ಕೆ ಜೀವವಿಜ್ಞಾನದ ಕಡೆಯಿಂದ ಬಂದವರೂ ಇದ್ದಾರೆ, ಗಣಿತ, ಭೌತವಿಜ್ಞಾನ, ಕಂಪ್ಯೂಟರ್ ಕಡೆಯಿಂದ ಬಂದವರೂ ಇದ್ದಾರೆ. ಜೀವವಿಜ್ಞಾನ ಓದಿದವರು ಪೈಥಾನ್ ಅಥವಾ ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆ, ಲಿನಕ್ಸಿನ ಆದೇಶಗಳು, ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್, ಇಷ್ಟನ್ನು ಒಂದು ವರ್ಷದ ಶ್ರದ್ಧೆಯಿಂದ ಕಲಿಯಬಹುದು. ಅವರನ್ನು ನಿಜವಾಗಿ ಕಾಡುವುದು ಸಂಖ್ಯಾಶಾಸ್ತ್ರ. ಅದನ್ನು ಮುಂದೂಡದಿರುವುದು ಒಳ್ಳೆಯದು. ಎಂಜಿನಿಯರಿಂಗ್ ಓದಿದವರಿಗೆ ಸಾಧನಗಳು ಬೇಗ ಒಗ್ಗುತ್ತವೆ, ಆದರೆ ಜೀವಿಗಳ ಜಗತ್ತಿನಲ್ಲಿ ಪ್ರತಿ ನಿಯಮಕ್ಕೂ ಹತ್ತು ಅಪವಾದಗಳಿರುತ್ತವೆ ಎಂಬುದಕ್ಕೆ ಹೊಂದಿಕೊಳ್ಳಲು ಸಮಯ ಬೇಕು.

ಕರ್ನಾಟಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರಗಳಲ್ಲಿ ಈ ಬಗೆಯ ಸಂಶೋಧನೆಗೆ ಪಿಎಚ್‌ಡಿ ಅವಕಾಶಗಳಿವೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿರುವ ಐಬಿಎಬಿ ಎಂಬ ಬಯೋಇನ್ಫರ್ಮ್ಯಾಟಿಕ್ಸ್ ಸಂಸ್ಥೆ ಈ ವಿಷಯದ ಶಿಕ್ಷಣಕ್ಕೆಂದೇ ಇದೆ. ಪಿಎಚ್‌ಡಿಗೆ ಗೇಟ್, ಸಿಎಸ್‌ಐಆರ್ ನೆಟ್‌ನಂಥ ಪರೀಕ್ಷೆಗಳು ಸಾಮಾನ್ಯ ಬಾಗಿಲುಗಳು.

ಕೆಲಸ, ಸಂಬಳ, ಮನ್ನಣೆ

ಪಿಎಚ್‌ಡಿ ಇಲ್ಲದೆ ಈ ಕ್ಷೇತ್ರದಲ್ಲಿ ಕೆಲಸವಿಲ್ಲ ಎಂಬ ಮಾತು ಪೂರ್ತಿ ನಿಜವಲ್ಲ. ಪೈಪ್‌ಲೈನ್ ಕಟ್ಟುವ, ದತ್ತಾಂಶ ನೋಡಿಕೊಳ್ಳುವ, ಆಸ್ಪತ್ರೆಗಳಿಗೆ ಆನುವಂಶಿಕ ಪರೀಕ್ಷೆಯ ವರದಿ ಸಿದ್ಧಪಡಿಸುವ ಕೆಲಸಗಳಿಗೆ ಸ್ನಾತಕೋತ್ತರ ಪದವಿ ಸಾಕಾಗುತ್ತದೆ. ಬೆಂಗಳೂರಿನಲ್ಲಿ ಇಂಥ ಉದ್ಯಮಕ್ಕೆ ಕಾಲು ಶತಮಾನದ ಇತಿಹಾಸವಿದೆ. ಸ್ಟ್ರ್ಯಾಂಡ್ ಕಂಪನಿಯನ್ನು 2000ದಲ್ಲಿ ಕಟ್ಟಿದವರು ಭಾರತೀಯ ವಿಜ್ಞಾನ ಸಂಸ್ಥೆಯ ಗಣಕವಿಜ್ಞಾನದ ಪ್ರಾಧ್ಯಾಪಕರು, ಸಿಂಪ್ಯೂಟರ್ ಎಂಬ ಅಗ್ಗದ ಅಂಗೈ ಗಣಕವನ್ನು ರೂಪಿಸಿದ ತಂಡದವರೇ. ಯಾವ ಪ್ರಶ್ನೆಯನ್ನು ಕೇಳಬೇಕು ಎಂದು ತಾವೇ ನಿರ್ಧರಿಸುವ ಹುದ್ದೆ ಬೇಕೆಂದರೆ ಮಾತ್ರ ಪಿಎಚ್‌ಡಿಯನ್ನು ತಪ್ಪಿಸುವುದು ಕಷ್ಟ. ಅದಕ್ಕೆ ಐದಾರು ವರ್ಷ ಹಿಡಿಯುತ್ತದೆ. ಕೇಂದ್ರ ಸರ್ಕಾರದ ಕಿರಿಯ ಸಂಶೋಧನಾ ಫೆಲೋಶಿಪ್ 2023ರ ಪರಿಷ್ಕರಣೆಯಂತೆ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷಗಳ ಬಳಿಕ ಹಿರಿಯ ಫೆಲೋಶಿಪ್ 42,000 ರೂಪಾಯಿ, ಇದರ ಮೇಲೆ ಮನೆ ಬಾಡಿಗೆ ಭತ್ಯೆ. ಅದೇ ಕೋಡಿಂಗ್ ಕೌಶಲಕ್ಕೆ ಸಾಫ್ಟ್‌ವೇರ್ ಕಂಪನಿಗಳು ಇದಕ್ಕಿಂತ ಹೆಚ್ಚು ಕೊಡಬಲ್ಲವು. ಈ ಲೆಕ್ಕವನ್ನು ಮನೆಯವರೊಂದಿಗೆ ಮೊದಲೇ ಮಾತಾಡಿಕೊಂಡವರಿಗೆ ಮುಂದೆ ಕಿರಿಕಿರಿ ಕಡಿಮೆ.

ಮನ್ನಣೆಯ ವಿಷಯದಲ್ಲಿಯೂ ಒಂದು ತೊಡಕಿದೆ. ಜೀವವಿಜ್ಞಾನದ ಪ್ರಬಂಧಗಳಲ್ಲಿ ಮೊದಲ ಹೆಸರು ಕೆಲಸ ಮಾಡಿದವರದು, ಕೊನೆಯ ಹೆಸರು ಮಾರ್ಗದರ್ಶಕರದು. ಲೆಕ್ಕ ಮಾಡಿಕೊಟ್ಟವರ ಹೆಸರು ನಡುವೆಲ್ಲೋ ಸೇರಿಕೊಳ್ಳುತ್ತದೆ. ಹುದ್ದೆಗಳ ಆಯ್ಕೆಯಲ್ಲಿ ಮೊದಲ ಹೆಸರಿಗೆ ಇರುವ ತೂಕ ನಡುವಿನ ಹತ್ತು ಹೆಸರುಗಳಿಗೂ ಇಲ್ಲ. ಆದ್ದರಿಂದ ಪ್ರಯೋಗಾಲಯ ಸೇರುವ ಮೊದಲು, ಅಲ್ಲಿ ಹಿಂದೆ ಇದೇ ಕೆಲಸ ಮಾಡಿದವರ ಹೆಸರು ಪ್ರಬಂಧಗಳಲ್ಲಿ ಎಲ್ಲಿ ಬಂದಿದೆ ಎಂದು ನೋಡುವುದು ಅತ್ಯಂತ ಸುಲಭವಾದ ವಿಚಾರಣೆ.

ಈ ಕೆಲಸ ತನಗೆ ಒಗ್ಗುತ್ತದೆಯೇ ಎಂದು ಪರೀಕ್ಷಿಸಲು ಯಾವ ಕೋರ್ಸಿಗೂ ಹಣ ಕಟ್ಟಬೇಕಾಗಿಲ್ಲ. ಪ್ರಕಟವಾದ ಬಹುತೇಕ ಅಧ್ಯಯನಗಳ ದತ್ತಾಂಶ ಅಮೆರಿಕದ ಎನ್‌ಸಿಬಿಐನಂಥ ಸಾರ್ವಜನಿಕ ಭಂಡಾರಗಳಲ್ಲಿ ಉಚಿತವಾಗಿ ಸಿಗುತ್ತದೆ. ಆಸಕ್ತಿ ಹುಟ್ಟಿಸಿದ ಒಂದು ಪ್ರಬಂಧವನ್ನು ಆರಿಸಿ, ಅದರ ಎಣಿಕೆಗಳ ಕೋಷ್ಟಕವನ್ನು ಇಳಿಸಿಕೊಂಡು, ಅದರ ಒಂದೇ ಒಂದು ಚಿತ್ರವನ್ನು ಸ್ವಂತ ಕೋಡಿನಿಂದ ಮತ್ತೆ ಬಿಡಿಸಲು ಪ್ರಯತ್ನಿಸಬಹುದು. ಸಾಮಾನ್ಯ ಲ್ಯಾಪ್‌ಟಾಪ್ ಸಾಕು. ಮೊದಲ ಪ್ರಯತ್ನದಲ್ಲಿ ಚಿತ್ರ ಹೊಂದುವುದಿಲ್ಲ. ಯಾವ ಮಾದರಿಗಳನ್ನು ಅವರು ಕೈಬಿಟ್ಟರು, ಯಾವ ಮಿತಿ ಹಾಕಿದರು ಎಂಬುದು ವಿಧಾನದ ವಿವರಣೆಯ ಸಣ್ಣ ಅಕ್ಷರಗಳಲ್ಲಿ ಎಲ್ಲೋ ಇರುತ್ತದೆ, ಕೆಲವೊಮ್ಮೆ ಇರುವುದೇ ಇಲ್ಲ. ಅದನ್ನು ಹುಡುಕುತ್ತ ವಾರಗಟ್ಟಲೆ ಕೂರುವುದು ಬೇಸರ ತರಿಸದೆ ಕುತೂಹಲ ಕೆರಳಿಸಿದರೆ, ಆ ಕೋಡನ್ನೂ ಎಲ್ಲಿ ಏಕೆ ಹೊಂದಲಿಲ್ಲ ಎಂಬ ಟಿಪ್ಪಣಿಯನ್ನೂ ಅರ್ಜಿಯೊಂದಿಗೆ ಇಡಬಹುದು. ಸಂದರ್ಶನದಲ್ಲಿ ಅಂಕಪಟ್ಟಿಗಿಂತ ಅದರ ಮೇಲೆಯೇ ಹೆಚ್ಚು ಪ್ರಶ್ನೆಗಳು ಬರುವ ಸಾಧ್ಯತೆಯಿದೆ.